ಚೋಮನಾದ ವಾಸುದೇವರಾಯರು



ಕೆಲವು ಮುಖಗಳು ತೆರೆಯ ಮೇಲೆ ಬಂದೊಡನೆ ‘ಅರೆ, ಇವರು!’ ಎನ್ನುತ್ತೇವೆ. ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಪೋಷಕ ನಟರ ಹಣೆಬರಹವೇ ಅಷ್ಟು. ಅಂಥವರಲ್ಲೊಬ್ಬರು ಒಮ್ಮೆ ದೇಶದ ಶ್ರೇಷ್ಠ ನಟ ಎನಿಸಿಕೊಂಡರು. ಅವರೇ ಎಂ.ವಿ. ವಾಸುದೇವರಾವ್.

1975ರ ‘ಚೋಮನ ದುಡಿ’ ನಿಮಗೆ ನೆನಪಿರಬೇಕು. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿಯನ್ನು ತೆರೆಗೆ ತಂದವರು ಬಿ.ವಿ. ಕಾರಂತ. ಮಂಡಿ ಹೌಸ್ ಬಳಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಿಂದ 1981ರವರೆಗೆ ಅಲ್ಲಿಯೇ ನಿರ್ದೇಶಕರಾಗಿದ್ದ ಅವರು ದಿಲ್ಲಿ ಕನ್ನಡಿಗರಾದ ನಮಗೆ ಹೊರಗಿನವರೇನಲ್ಲ.

ಚೋಮನ ಬಳಿ ಎತ್ತುಗಳಿವೆ, ಉಳಲು ಗದ್ದೆಯಿಲ್ಲ. ಅವನ ಜಾತಿಯವರು ಬೇಸಾಯ ಮಾಡುವಂತಿಲ್ಲ ಎಂಬುದು ಊರಿನ ಕಟ್ಟು. ಸಾಲ ತೀರುವುದಿಲ್ಲ, ಮಕ್ಕಳು ಉಳಿಯುವುದಿಲ್ಲ. ಸಿಟ್ಟೂ ಸಂಕಟವೂ ದುಡಿಯ ಬಡಿತವಾಗಿ ಹೊರಬರುತ್ತವೆ. ಆ ಚೋಮನಾದವರು ವಾಸುದೇವರಾಯರು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ. ಕನ್ನಡ ಚಿತ್ರದ ನಟನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು. ಎರಡನೆಯದಕ್ಕೆ 1986ರ ‘ತಬರನ ಕಥೆ’ಯ ಚಾರುಹಾಸನ್ ಬರಬೇಕಾಯಿತು.

1977ರಲ್ಲಿ ಮೃಣಾಲ್ ಸೇನ್ ತಮ್ಮ ತೆಲುಗು ಚಿತ್ರ ‘ಒಕ ಊರಿ ಕಥಾ’ಗೆ ಇವರನ್ನೇ ಆರಿಸಿಕೊಂಡರು. ಪ್ರೇಮಚಂದರ ‘ಕಫನ್’ ಅದಕ್ಕೆ ಆಧಾರ. ಇಲ್ಲಿನ ವೆಂಕಯ್ಯ ಚೋಮನಿಗೆ ತದ್ವಿರುದ್ಧ. ಬೆವರು ನಮ್ಮದು, ಫಲ ಧಣಿಯದು ಎಂದಾದರೆ ದುಡಿಯುವುದೇಕೆ ಎನ್ನುವ ಹಟಮಾರಿ. ಭೂಮಿಗಾಗಿ ಹಂಬಲಿಸಿದವನೂ ದುಡಿಮೆಯನ್ನೇ ಧಿಕ್ಕರಿಸಿದವನೂ ಕೊನೆಗೆ ಬರಿಗೈ! ಒಂದೇ ಅನ್ಯಾಯದ ಈ ಎರಡು ಮುಖಗಳನ್ನು ಎರಡು ವರ್ಷಗಳ ಅಂತರದಲ್ಲಿ ಒಬ್ಬನೇ ನಟ ತೋರಿಸಿದ್ದು ಸಣ್ಣ ಮಾತಲ್ಲ.

ಪ್ರಶಸ್ತಿ ಬಂತೆಂದು ನಾಯಕನ ಪಾತ್ರಗಳೇನೂ ಸಾಲುಗಟ್ಟಲಿಲ್ಲ. ರಾಯರು ಪೋಷಕ ನಟರಾಗಿಯೇ ಉಳಿದರು. ಮಣಿರತ್ನಂ ಅವರ 1987ರ ತಮಿಳು ‘ನಾಯಕನ್’ ನೋಡಿದ್ದೀರಾ? ಅನಾಥ ಹುಡುಗನಿಗೆ ಮುಂಬಯಿಯಲ್ಲಿ ಆಸರೆ ಕೊಟ್ಟು, ಪೊಲೀಸರ ಕೈಯಲ್ಲಿ ಸಾಯುವ ಹುಸೇನ್ ಭಾಯಿ ಇವರೇ. ಕಮಲಹಾಸನ್ ನೆನಪಿದ್ದಾರೆ, ಈ ಮುದುಕ?

2002ರಲ್ಲಿ ರಾಯರು ತೀರಿಕೊಂಡರು. ಮೂರು ಭಾಷೆಗಳಲ್ಲಿ ಮೂವರು ಬಡವರಿಗೆ ಜೀವ ಕೊಟ್ಟವರು. ದಿಲ್ಲಿಯಲ್ಲಿ ಹುಟ್ಟಿ ಬೆಳೆದ ನಿಮ್ಮ ಮಕ್ಕಳಿಗೆ ಕನ್ನಡ ಚಿತ್ರ ತೋರಿಸಬೇಕೆನಿಸಿದಾಗ ‘ಚೋಮನ ದುಡಿ’ಯನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಭಾಷೆ ಪೂರ್ತಿ ತಿಳಿಯದಿದ್ದರೂ ಆ ದುಡಿ ಅರ್ಥವಾಗುತ್ತದೆ. ‘ಯಾರಪ್ಪಾ ಇವರು?’ ಎಂದು ಮಗು ಕೇಳಿದರೆ ಹೆಸರು ಹೇಳಲು ಮರೆಯಬೇಡಿ.