ತೊಟ್ಟಿಲ ಹಗ್ಗ ಹಿಡಿದ ಕೈ: ಕಾಸರಗೋಡಿನ ಜೋಗುಳ ಮತ್ತು ರಾತ್ರಿಯ ದುಡಿಮೆ

(ವಿಭಾಗದ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ)

ಗುರುಗಳಿಗೆ, ಸಹಪಾಠಿಗಳಿಗೆ ನನ್ನ ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂತ ಭಾವಿಸ್ತೇನೆ. ನಡುವೆ ಮಗು ಅಳುವ ಸದ್ದು ಕೇಳಿದರೆ ಕ್ಷಮಿಸಿ. ಅದು ಅಕ್ಕನ ಮಗಳು. ಈ ಪ್ರಬಂಧಕ್ಕೆ ಕಾರಣವೂ ಅವಳೇ.

ಮಗುವಿಗೆ ಈಗ ಐದು ತಿಂಗಳು. ರಾತ್ರಿ ನಾಲ್ಕೈದು ಸಲ ಏಳುತ್ತಾಳೆ. ಅಕ್ಕನ ಹೆರಿಗೆ ರಜೆ ಮುಗಿಯುತ್ತಾ ಬಂತು, ಇನ್ನು ಬೆಳಿಗ್ಗೆ ರೈಲು ಹಿಡಿದು ಮಂಗಳೂರಿಗೆ ಕೆಲಸಕ್ಕೆ ಹೋಗಬೇಕು. ಮನೆಗೆ ಬಂದವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಕೊನೆಗೆ ಎಲ್ಲರೂ ಹೇಳುವುದು ಒಂದೇ ಮಾತು: “ನಮ್ಮ ಕಾಲದಲ್ಲಿ ಒಂದು ಜೋಗುಳ ಹಾಡಿದರೆ ಮಕ್ಕಳು ಬೆಳಗಿನವರೆಗೆ ಮಲಗುತ್ತಿದ್ದವು.” ಇದನ್ನು ಕೇಳಿ ಅಕ್ಕ ಒಳಗೆ ಹೋಗಿ ಅತ್ತಳು. ಆ ಮಾತು ನಿಜವೇ ಎಂದು ಪರಿಶೀಲಿಸುವುದು ನನ್ನ ಉದ್ದೇಶ.

ಮೊದಲು ಪದಗಳನ್ನು ನೋಡೋಣ. ನಮ್ಮದು ಸಪ್ತಭಾಷೆಗಳ ನೆಲ ಎಂದು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಕನ್ನಡದ ‘ತೊಟ್ಟಿಲು’ ತುಳುವಿನಲ್ಲೂ ತೊಟ್ಟಿಲೇ, ಮಲಯಾಳ ಮತ್ತು ತಮಿಳಿನಲ್ಲಿ ‘ತೊಟ್ಟಿಲ್’. ನಿದ್ದೆಯ ಪದವೂ ಹಾಗೆಯೇ. ಕುಂಬಳೆ ಸೀಮೆಯ ಹವ್ಯಕರು ನಿದ್ದೆಗೆ ‘ಒರಕ್ಕು’ ಎನ್ನುತ್ತಾರೆ, ಮಲಯಾಳಿಗಳು ‘ಉರಕ್ಕಂ’ ಎನ್ನುತ್ತಾರೆ. ಇವತ್ತಿನ ಶಿಷ್ಟ ಕನ್ನಡದಲ್ಲಿ ‘ಒರಗು’ ಅಂದರೆ ವಾಲಿಕೊಳ್ಳುವುದು ಮಾತ್ರ. ಹಳಗನ್ನಡದ ಶಕಟರೇಫದ ‘ಒಱಗು’ ಪದಕ್ಕೆ ಮಲಗು ಎಂಬ ಅರ್ಥವೂ ಇತ್ತು. ಪುಸ್ತಕದ ಕನ್ನಡ ಬಿಟ್ಟುಕೊಟ್ಟ ಅರ್ಥವನ್ನು ನಮ್ಮ ಮನೆಮಾತು ಉಳಿಸಿಕೊಂಡಿದೆ. ಆದರೆ ಹಾಡಿನ ವಿಷಯಕ್ಕೆ ಬಂದರೆ ಕನ್ನಡದಲ್ಲಿ ಜೋಗುಳ, ಮಲಯಾಳದಲ್ಲಿ ತಾರಾಟ್ಟು, ತಮಿಳಿನಲ್ಲಿ ತಾಲಾಟ್ಟು. ‘ತಾಲ್’ ಅಂದರೆ ನಾಲಗೆ, ನಾಲಗೆ ಆಡಿಸಿ ಹಾಡುವುದರಿಂದ ತಾಲಾಟ್ಟು ಎಂಬುದು ರೂಢಿಯ ವಿವರಣೆ. ತೊಟ್ಟಿಲೂ ನಿದ್ದೆಯೂ ಗಡಿ ದಾಟಿವೆ, ಹಾಡಿಗೆ ಮಾತ್ರ ಕನ್ನಡದಲ್ಲಿ ಬೇರೆಯೇ ಹೆಸರಿದೆ. ನನಗೆ ಇದು ಕುತೂಹಲದ ಸಂಗತಿ ಅನಿಸಿತು.

ಇನ್ನು ಆಕರಗಳ ಪ್ರಶ್ನೆ. ಸ್ಟರಕ್ 1894ರಲ್ಲಿ ಪ್ರಕಟಿಸಿದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯ ಕಾಲಕ್ಕೆ ಕಾಸರಗೋಡು ಆ ಜಿಲ್ಲೆಯ ತಾಲೂಕು. ಭೂಮಿ, ಕಂದಾಯ, ಬೆಳೆ, ಜಾತಿ ಎಲ್ಲದಕ್ಕೂ ಅಂಥ ಗ್ರಂಥಗಳಲ್ಲಿ ಜಾಗ ಇದೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತ ಹೆಂಗಸಿಗೆ ಅಂಕಣ ಇಲ್ಲ. ಹಾಗಾಗಿ ಸಾಹಿತ್ಯದ ಕಡೆಗೆ ಬರಬೇಕು. ಅಲ್ಲಿ ಸಿಗುವ ಜೋಗುಳಗಳು ಎರಡು ಬಗೆಯವು. ದಾಸರು ಕೃಷ್ಣನನ್ನೇ ಮಗು ಮಾಡಿ ತೂಗಿದರು. ತಿರುವಿತಾಂಕೂರಿನಲ್ಲಿ 1813ರಲ್ಲಿ ಹುಟ್ಟಿದ ಸ್ವಾತಿ ತಿರುನಾಳರಿಗಾಗಿ ಇರಯಿಮ್ಮನ್ ತಂಪಿ ಬರೆದ ತಾರಾಟ್ಟು ಇವತ್ತಿಗೂ ಕೇರಳದ ಮನೆಮನೆಯಲ್ಲಿದೆ, ಅಕ್ಕನ ಮೊಬೈಲಿನಲ್ಲೂ ಇದೆ. ವಿಶೇಷ ಎಂದರೆ ಆ ಹಾಡಿನಲ್ಲಿ ‘ನಿದ್ದೆ’ ಎಂಬ ಪದವೇ ಇಲ್ಲ. ಅದು ಮಗುವನ್ನು ಹೊಗಳುವ ಹಾಡು. ಇವೆಲ್ಲ ಗಂಡಸರು ಬರೆದ ಜೋಗುಳಗಳು. ಇನ್ನೊಂದು ಬಗೆ ಹೆಂಗಸರ ಬಾಯಲ್ಲಿದ್ದದ್ದು. ಬಿಜಾಪುರ ಕಡೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದ ಮೇಲೆ ಅಂಥ ತ್ರಿಪದಿಗಳಿಗೆ ಸಾಹಿತ್ಯದ ಮಾನ ಬಂತು. ಮಾನ ಬಂತು ನಿಜ, ಆದರೆ ಅಚ್ಚಿಗೆ ಹೋಗುವಾಗ ತೊಟ್ಟಿಲು ಕಳಚಿಕೊಂಡಿತು. ನಾವು ಆ ಹಾಡುಗಳನ್ನು ಈಗ ಹಗಲಿನಲ್ಲಿ, ಕುರ್ಚಿಯಲ್ಲಿ ಕೂತು ಓದುತ್ತೇವೆ.

ಈ ಮಾತು ನನಗೆ ಅರ್ಥವಾದದ್ದು ಅಜ್ಜಿಯಿಂದ. ಫೋನಿನ ರೆಕಾರ್ಡರ್ ಎದುರಿಟ್ಟು “ಜೋಗುಳ ಹೇಳಿ ಅಜ್ಜಿ” ಎಂದೆ. ಎರಡು ಸಾಲು ಹೇಳಿ ನಿಲ್ಲಿಸಿದರು, ಮುಂದಿನದು ನೆನಪಾಗಲಿಲ್ಲ. ಮರುದಿನ ಅಟ್ಟದಿಂದ ಮರದ ತೊಟ್ಟಿಲು ಇಳಿಸಿ, ತೊಳೆದು, ಕಟ್ಟಿ, ಹಗ್ಗ ಅವರ ಕೈಗೆ ಕೊಟ್ಟೆವು. ಹಗ್ಗ ಎಳೆದದ್ದೇ ತಡ, ಹಾಡು ತಾನಾಗಿ ಬಂತು. ನಲವತ್ತು ನಿಮಿಷ ಹಾಡಿದರು. ಅದರಲ್ಲಿ ದೇವರ ಹೆಸರು ಕಡಿಮೆ. ಮಾವಂದಿರ ಹೆಸರು, ತೋಟಕ್ಕೆ ನೀರು ಬಿಡುವ ಸರದಿ, ಕರು ಹಾಕಿದ ದನ, ಬಾರದ ತವರಿನ ಕಾಗದ, ಹೀಗೆ ಒಂದರ ಹಿಂದೆ ಒಂದು ಬರುತ್ತಾ ಹೋಯಿತು. ನಾನು ಕೇಳಿದೆ, ಇಷ್ಟು ಉದ್ದ ಹಾಡಿದರೆ ಮಗು ಬೇಗ ಮಲಗುತ್ತಿತ್ತಾ ಅಂತ. ಅಜ್ಜಿ ನಕ್ಕರು. “ಮಕ್ಕೊಗೆ ಅಲ್ಲ ಕೂಸೇ, ಎನಗೆ ಒರಕ್ಕು ಬಾರದ್ದ ಹಾಂಗೆ ಹಾಡಿಯೊಂಡಿತ್ತಿದ್ದೆ.” ಮಗುವಿಗಾಗಿ ಅಲ್ಲ, ತನಗೆ ನಿದ್ದೆ ಬಾರದಿರಲಿ ಎಂದು ಹಾಡುತ್ತಿದ್ದರಂತೆ. ತೂಗುವ ಕೈ ನಿಂತರೆ ಮಗು ಏಳುತ್ತದೆ, ಮಗು ಎದ್ದರೆ ಮನೆ ಏಳುತ್ತದೆ, ಬೆಳಿಗ್ಗೆ ಮಾತು ಕೇಳಬೇಕಾಗುತ್ತದೆ.

ಈ ಒಂದು ವಾಕ್ಯ ನನ್ನ ಓದಿನ ದಿಕ್ಕು ಬದಲಿಸಿತು. ಜೋಗುಳವನ್ನು ವಾತ್ಸಲ್ಯ ಎಂಬ ಒಂದೇ ಪದದ ಕೆಳಗೆ ಇಡುವುದು ನಮ್ಮ ವಿಮರ್ಶೆಯ ಅಭ್ಯಾಸ. ಅದು ದುಡಿಮೆಯ ಹಾಡು ಕೂಡ. ನಾಟಿಯ ಹಾಡನ್ನು ದುಡಿಮೆಯ ಹಾಡು ಎನ್ನುವ ನಾವು ತೊಟ್ಟಿಲ ಹಾಡಿಗೆ ಆ ಹೆಸರು ಕೊಡಲು ಹಿಂಜರಿಯುತ್ತೇವೆ.

ದುಡಿಮೆ ಅಂದಮೇಲೆ ಎಷ್ಟು ಕೈ ಇದ್ದವು ಎಂದು ಕೇಳಬೇಕು. ಅಳಿಯಸಂತಾನದ ಮನೆಗಳಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಒಂದೇ ಸೂರಿನಡಿ ಇದ್ದಾಗ ಹಗ್ಗ ಕೈಯಿಂದ ಕೈಗೆ ಹೋಗಬಹುದಿತ್ತು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿತು, 1975ರ ಕೇರಳದ ಕಾಯ್ದೆ ಹಿಂದೂ ಅವಿಭಕ್ತ ಕುಟುಂಬವನ್ನೇ ಕಾನೂನಿನಲ್ಲಿ ರದ್ದು ಮಾಡಿತು. ಹಳೆಯ ಮನೆ ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಗಂಡನ ಮನೆಗೆ ಬಂದ ನನ್ನ ಅಜ್ಜಿಗೆ ಅಷ್ಟು ಜನರ ನಡುವೆಯೂ ಒಬ್ಬರೇ ಕೂರಬೇಕಾಗಿತ್ತಲ್ಲ. ಕಾನೂನು ಆಸ್ತಿಯನ್ನು ಪಾಲು ಮಾಡಿತು, ರಾತ್ರಿಯ ಕೆಲಸವನ್ನು ಯಾರಿಗೂ ಪಾಲು ಮಾಡಲಿಲ್ಲ ಎಂಬುದಷ್ಟೇ ನನ್ನ ವಾದ.

ಅಡಿಕೆ ತೋಟ ಇಲ್ಲದ ಮನೆಗಳ ಕಥೆ ಬೇರೆ. ಈ ಕರಾವಳಿಯಲ್ಲಿ ಬೀಡಿ ಕಟ್ಟಿ ಮನೆ ನಡೆಸಿದ ಹೆಂಗಸರು ಸಾವಿರಾರು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪು, ಜಂತಿಗೆ ಕಟ್ಟಿದ ಸೀರೆಯ ತೊಟ್ಟಿಲು, ಅದರ ಹಗ್ಗ ಕಾಲಿನ ಹೆಬ್ಬೆರಳಿಗೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಹೆಚ್ಚು ಹೆಂಗಸರು ದುಡಿಯುವ ಕಟ್ಟಡಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎಂದಿತು. ಮನೆಯ ಜಗಲಿಯಲ್ಲೇ ಬೀಡಿ ಕಟ್ಟುವವಳಿಗೆ ಆ ಕೋಣೆ ಎಲ್ಲಿಂದ ಬರಬೇಕು? ಅವಳ ಪಾಲಿಗೆ ಶಿಶುವಿಹಾರವೆಂದರೆ ಹೆಬ್ಬೆರಳೇ.

ಈಗ ಒಂದು ಕಹಿ ವಿಷಯ. ಜೋಗುಳ ಸಾಲದಾದಾಗ ಮದ್ದು ಬಂತು. ಮುಂಬಯಿ ಪ್ರಾಂತ್ಯದಲ್ಲಿ ಕೂಲಿಗೆ ಹೋಗುವ ತಾಯಂದಿರು ಮಕ್ಕಳಿಗೆ ‘ಬಾಳಗೋಳಿ’ ಎಂಬ ಅಫೀಮಿನ ಗುಳಿಗೆ ಕೊಡುತ್ತಿದ್ದರು. 1893ರಲ್ಲಿ ನೇಮಕವಾದ ಅಫೀಮು ಆಯೋಗದ ಮುಂದೆಯೂ ಮಕ್ಕಳಿಗೆ ಅಫೀಮು ಕೊಡುವ ವಿಷಯ ಬಂದಿತ್ತು. ನಮ್ಮ ಕಡೆ ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು ರೂಢಿ. ಜಾಯಿಕಾಯಿ ಪ್ರಮಾಣ ಮೀರಿದರೆ ವಿಷ. “ನಮ್ಮ ಕಾಲದ ಮಕ್ಕಳು ಬೆಳಗಿನವರೆಗೆ ಮಲಗುತ್ತಿದ್ದವು” ಎನ್ನುವಾಗ ಆ ತೇಯುವ ಕಲ್ಲನ್ನೂ ನೆನಪಿಡಬೇಕು.

ಪಶ್ಚಿಮದಲ್ಲಿ ಇದೇ ಹೊತ್ತಿಗೆ ತೊಟ್ಟಿಲಿನ ಮೇಲೆಯೇ ಅನುಮಾನ ಶುರುವಾಗಿತ್ತು. ಅಮೆರಿಕದ ವೈದ್ಯ ಎಮ್ಮೆಟ್ ಹೋಲ್ಟ್ 1894ರ ಪುಸ್ತಕದಲ್ಲಿ ಮಗುವನ್ನು ತೂಗಬಾರದು ಎಂದ. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಗಡಿಯಾರ ನೋಡಿ ಹಾಲೂಡಿಸಿ, ರಾತ್ರಿ ಬೇಡ ಎಂದ. 1985ರಲ್ಲಿ ರಿಚರ್ಡ್ ಫರ್ಬರ್, ಅಳುವ ಮಗುವಿನ ಬಳಿ ಹೋಗುವ ಅಂತರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವ ಕ್ರಮ ಹೇಳಿದ. ಅಕ್ಕನ ಫೋನಿಗೆ ಬರುವ ಸಲಹೆಗಳಲ್ಲಿ ಇವರೆಲ್ಲರ ನೆರಳಿದೆ. ಮಗುವಿಗೆ ಬೇರೆ ಕೋಣೆ ಇರುವ ಮನೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಅವು. ಇತ್ತೀಚಿನ ವೈದ್ಯಶಾಸ್ತ್ರ ಸ್ವಲ್ಪ ಸಮಾಧಾನದ ಮಾತು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಮೂರು ತಿಂಗಳವರೆಗಿನ ಮಗುವಿಗೆ ದಿನಕ್ಕೆ 14ರಿಂದ 17 ಗಂಟೆ, ನಾಲ್ಕರಿಂದ ಹನ್ನೊಂದು ತಿಂಗಳವರೆಗೆ 12ರಿಂದ 16 ಗಂಟೆ ನಿದ್ದೆ ಬೇಕು. ಅದು ಒಂದೇ ಸಮನೆ ಬರುವ ನಿದ್ದೆಯಲ್ಲ. ಹಗಲು ರಾತ್ರಿಯ ಲಯ ಕೂಡಲು ತಿಂಗಳುಗಳು ಬೇಕು. ಐದು ತಿಂಗಳ ಕೂಸು ಹಸಿದು ಏಳುವುದು ತಾಯಿಯ ಸೋಲಲ್ಲ.

ಇನ್ನೊಂದು ವಿಷಯ ಹೇಳದೆ ಕಾಸರಗೋಡಿನಲ್ಲಿ ಜೋಗುಳದ ಬಗ್ಗೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯಂಥ ಊರುಗಳಲ್ಲಿ ಇಪ್ಪತ್ತು, ಮೂವತ್ತು ವರ್ಷದ ಮಕ್ಕಳನ್ನು ಇವತ್ತಿಗೂ ರಾತ್ರಿ ಎದ್ದು ಮಗ್ಗುಲು ಬದಲಿಸಿ ಮಲಗಿಸುವ ತಾಯಂದಿರಿದ್ದಾರೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಬೇರೆಯವರಿಗೆ ತೊಟ್ಟಿಲ ಕಾಲ ಒಂದೆರಡು ವರ್ಷ. ಈ ತಾಯಂದಿರಿಗೆ ಅದು ಮುಗಿದೇ ಇಲ್ಲ. ಜೋಗುಳವನ್ನು ಬರೀ ಮಧುರ ಎಂದು ಓದುವಾಗ ಇವರ ರಾತ್ರಿ ನಮ್ಮ ಓದಿನಿಂದ ಹೊರಗುಳಿಯುತ್ತದೆ.

ಕೊನೆಯ ಮಾತು. ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ, 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು. ಅಜ್ಜಿಗೆ ಆ ರಜೆ ಇರಲಿಲ್ಲ. ಅಕ್ಕನಿಗೆ ಇದೆ, ಆದರೆ ಮಗು ರಾತ್ರಿಯಿಡೀ ಮಲಗಲು ಕಲಿಯುವ ಮೊದಲೇ ಮುಗಿಯುತ್ತದೆ. ಅಜ್ಜಿಯ ರೆಕಾರ್ಡಿಂಗನ್ನು ನಾನು ಅಕ್ಕನಿಗೆ ಕೇಳಿಸಿದೆ. ಹಾಡು ಕೇಳಿ ಮಗು ಮಲಗಲಿಲ್ಲ. ಆದರೆ ತನಗೆ ನಿದ್ದೆ ಬಾರದಿರಲೆಂದು ಅಜ್ಜಿ ಹಾಡುತ್ತಿದ್ದ ವಿಷಯ ಕೇಳಿ ಅಕ್ಕ ಬಹಳ ದಿನಗಳ ನಂತರ ನಕ್ಕಳು. ಆ ರಾತ್ರಿ ಒಂದು ಗಂಟೆಯಿಂದ ಮೂರರವರೆಗೆ ಹಗ್ಗ ಹಿಡಿದವರು ಭಾವ. ಅವರಿಗೆ ಜೋಗುಳ ಬರುವುದಿಲ್ಲ, ಯಕ್ಷಗಾನದ ಪದ ಹೇಳಿದರು.

ಮಾತಿನ ನಂತರ ಒಬ್ಬ ಗುರುಗಳು ಕೇಳಿದ ಪ್ರಶ್ನೆ: ಹಾಗಾದರೆ ಈ ಹಾಡುಗಳ ಸಂಗ್ರಹ ಬೇಡವೇ?

ಬೇಕು ಸರ್. ಆದರೆ ಹಾಡಿನ ಜೊತೆ ಯಾರು ಎಷ್ಟು ಹೊತ್ತು ತೂಗಿದರು, ಮರುದಿನ ಎಷ್ಟು ಗಂಟೆಗೆ ಎದ್ದರು ಎಂಬುದನ್ನೂ ಬರೆದುಕೊಳ್ಳೋಣ. ಕುರ್ಚಿಯಲ್ಲಿ ಕೂರಿಸಿ ಕೇಳುವುದು ಬೇಡ, ಕೈಗೆ ಹಗ್ಗ ಕೊಟ್ಟು ಕೇಳೋಣ.