ದೇವರಾಯನ ಕೈಲಿದ್ದ ಬೀಸಣಿಗೆ

ಏಪ್ರಿಲ್ ಕೊನೆಗೆ ಹಂಪಿ ನೋಡೋಕೆ ಬರ್ತೀವಿ ಅಂತ ಬೆಂಗಳೂರಿನ ಗೆಳೆಯರು ಫೋನ್ ಮಾಡಿದರೆ ನಮ್ಮ ಹೊಸಪೇಟೆಯವರು ಹೇಳೋದು ಒಂದೇ ಮಾತು: "ಬ್ಯಾಡ್ರೀ, ನವೆಂಬರಿಗೆ ಬರ್ರಿ". ಹೀಗೆ ಹೇಳುವವರು ಯಾರೂ ಸಿಗದೆ, 1443ರ ಏಪ್ರಿಲ್ ಕೊನೆಗೇ ವಿಜಯನಗರಕ್ಕೆ ಬಂದವನು ಅಬ್ದುರ್ ರಜಾಕ್. ತೈಮೂರನ ಮಗ ಶಾರುಖ್‌ನ ರಾಯಭಾರಿಯಾಗಿ ಹೆರಾತ್‌ನಿಂದ ಹೊರಟು, ಕಲ್ಲಿಕೋಟೆ, ಮಂಗಳೂರು ದಾಟಿ ಬಂದಿದ್ದ. ಏಳು ಸುತ್ತಿನ ಕೋಟೆ, ರತ್ನದ ಅಂಗಡಿಗಳು ಅಂತ ಅವನು ಬರೆದದ್ದನ್ನು ನೀವೆಲ್ಲ ಓದಿಯೇ ಇರ್ತೀರಿ. ನನಗೆ ಮಾತ್ರ ಅದರಲ್ಲಿ ಒಂದು ಸಣ್ಣ ಸಂಗತಿ ಬಹಳ ಇಷ್ಟ. ಎರಡನೇ ದೇವರಾಯನ ಮುಂದೆ ನಿಂತಾಗ ಇವನ ಮೈಮೇಲೆ ಪದರ ಪದರ ಬಟ್ಟೆ. ರಾಯಭಾರಿ ಅಂದಮೇಲೆ ಮರ್ಯಾದೆಗೆ ತಕ್ಕ ಉಡುಪು ಬೇಕಲ್ಲ. ಬೆವರಿನಲ್ಲಿ ಮುಳುಗಿಹೋದನಂತೆ. ಅದನ್ನು ಕಂಡ ರಾಜ ಕನಿಕರಪಟ್ಟು ತನ್ನ ಕೈಲಿದ್ದ ಚೀನಾದ ಬೀಸಣಿಗೆಯನ್ನೇ ಅವನಿಗೆ ಕೊಟ್ಟುಬಿಟ್ಟ.

ಇದು ನಡೆದದ್ದು ಬಿಸಿಲಲ್ಲಲ್ಲ, ಅರಮನೆಯ ಒಳಗೆ, ಕಂಬಗಳ ಸಭಾಂಗಣದಲ್ಲಿ. ಅಂದರೆ ರಾಜನ ಸಭೆಯಲ್ಲೂ ಸೆಖೆ ಇತ್ತು, ರಾಜನೂ ಬೀಸಣಿಗೆ ಹಿಡಿದೇ ಕೂತಿದ್ದ. ಆಗಿನ ಕಾಲದಲ್ಲಿ ಎಲ್ಲ ತಣ್ಣಗಿತ್ತು ಅನ್ನೋರಿಗೆ ಇದನ್ನು ಓದಿಸಬೇಕು :)

ಅದೇ ಬರಹದಲ್ಲಿ ಒಂದು ಆಫೀಸಿನ ವರ್ಣನೆಯೂ ಇದೆ. ಅರಮನೆಯ ಬಲಕ್ಕೆ ದಿವಾನಖಾನೆ. ಬಹಳ ದೊಡ್ಡದು, ನಲವತ್ತು ಕಂಬದ ಚಾವಡಿಯ ಹಾಗೆ. ಅದರ ಮುಂದೆ ಆಳೆತ್ತರಕ್ಕೂ ಮೇಲೆ ಒಂದು ಜಗಲಿ, ಮೂವತ್ತು ಗಜ ಉದ್ದ, ಆರು ಗಜ ಅಗಲ. ಲೆಕ್ಕಪತ್ರ ಇಡುವುದು ಅಲ್ಲೇ, ಬರೆಯುವ ಗುಮಾಸ್ತರು ಕೂರುವುದೂ ಅಲ್ಲೇ. ನಡುಚಾವಡಿಯಲ್ಲಿ ಎತ್ತರದ ಪೀಠದ ಮೇಲೆ ದಣ್ಣಾಯಕ ಒಬ್ಬನೇ ಕೂತು ಅಹವಾಲು ಕೇಳುತ್ತಿದ್ದ. ಗುಮಾಸ್ತರು ಓಲೆಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುತ್ತಿದ್ದರು, ಇಲ್ಲವೇ ಕಪ್ಪು ಬಳಿದ ಹಾಳೆಯ ಮೇಲೆ ಮೆತ್ತನೆಯ ಕಲ್ಲಿನ ಕಡ್ಡಿಯಿಂದ ಬರೆಯುತ್ತಿದ್ದರು. ಈ ಎರಡನೆಯದೇ ನಮ್ಮ ಕಡತ! ಇವತ್ತಿಗೂ ಸರ್ಕಾರಿ ಕಚೇರಿಯಲ್ಲಿ "ನಿಮ್ಮ ಕಡತ ಮೇಲಕ್ಕೆ ಹೋಗಿದೆ" ಅಂತಾರಲ್ಲ, ಅದೇ ಪದ.

ಆ ಜಗಲಿಯ ಬಗ್ಗೆ ನನ್ನ ಊಹೆ ಇಷ್ಟು. ದಿನವಿಡೀ ಓಲೆ ಕೊರೆಯುವವನಿಗೆ ಬೆಳಕು ಬೇಕು, ಗಾಳಿ ಬೇಕು, ನೆಲದ ಕಾವು ಮತ್ತು ಧೂಳು ಬೇಡ. ಎತ್ತರದ ತೆರೆದ ಜಗಲಿಯಲ್ಲಿ ಇವಿಷ್ಟೂ ಸಿಗುತ್ತವೆ. ಹಂಪಿಯಲ್ಲಿ ಮಹಾನವಮಿ ದಿಬ್ಬದ ಹತ್ತಿರ ನೂರು ಕಂಬದ ಸಭಾಂಗಣದ ತಳಪಾಯ ಉಳಿದಿದೆ, ನೋಡಿರ್ತೀರಿ: ಹತ್ತು ಸಾಲು, ಸಾಲಿಗೆ ಹತ್ತು ಕಂಬ ನಿಲ್ಲಿಸಿದ ಗುರುತು. ಕಂಬಗಳು ಮರದವು, ಈಗ ಒಂದೂ ಇಲ್ಲ. ಕಮಲ ಮಹಲಿನ ಗೋಡೆಯೊಳಗೆ ನೀರು ಹರಿಸಿ ತಂಪು ಮಾಡ್ತಿದ್ರು ಅಂತ ಗೈಡುಗಳು ಕಥೆ ಹೇಳ್ತಾರೆ. ಆ ಕಟ್ಟಡ ತಂಪಾಗಿರಲು ಆ ಕಥೆ ಬೇಕಿಲ್ಲ. ಕೆಳಗೆ ನಾಲ್ಕೂ ಕಡೆ ತೆರೆದ ಕಮಾನುಗಳು, ಬಿಸಿಲು ತಡೆಯುವ ಅಗಲವಾದ ಸೂರು, ದಪ್ಪನೆಯ ಗಾರೆ ಸಾಕು.

ಅರಮನೆ ಬಿಟ್ಟು ಶಾಲೆಗೆ ಬರೋಣ. ಬಳ್ಳಾರಿ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಬೆಲ್ 1823ರಲ್ಲಿ ಜಿಲ್ಲೆಯ ಶಾಲೆಗಳ ಬಗ್ಗೆ ಒಂದು ವರದಿ ಬರೆದ. ಆಗಿನ ಜಿಲ್ಲೆಯಲ್ಲಿ ಅನಂತಪುರವೂ ಸೇರಿತ್ತು. ಒಟ್ಟು 533 ಶಾಲೆ, 6,641 ಮಕ್ಕಳು. ಕನ್ನಡದ ಶಾಲೆ 235, ತೆಲುಗಿನವು 226. ಶಾಲೆ ತೆರೆಯುವುದು ಬೆಳಿಗ್ಗೆ ಆರಕ್ಕೆ! ಮೊದಲು ಬಂದ ಮಗುವಿನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದೆ ಛಡಿ ಏಟು. ಪಾಪ, ಆರೂಕಾಲಿಗೆ ಬಂದವನ ಗತಿ ಏನೋ. ಅಷ್ಟು ಬೇಗ ಶುರು ಮಾಡಲು ಬೇರೆ ಕಾರಣಗಳೂ ಇದ್ದಾವು, ಆದರೆ ನಮ್ಮೂರ ಬಿಸಿಲಿಗೆ ಇದು ಸರಿಯಾದ ಲೆಕ್ಕ.

ಆಳಲು ಬಂದವರ ದಾರಿ ಬೇರೆ. ಬಳ್ಳಾರಿ ದಂಡಿನ ಬ್ಯಾರಕ್ಕುಗಳ ಸೆಖೆಯಲ್ಲಿ ಕಾಯಿಲೆ ಬಿದ್ದ ಗೋರಾ ಸಿಪಾಯಿಗಳಿಗಾಗಿ 1840ರ ದಶಕದಲ್ಲಿ ಸಂಡೂರು ಸಂಸ್ಥಾನದ ರಾಮನದುರ್ಗದಲ್ಲಿ (ರಾಮಗಡ ಅಂತೀವಲ್ಲ, ಅದೇ) ಆರೋಗ್ಯಧಾಮ ಮಾಡಿಕೊಂಡರು. ಮೂರು ಸಾವಿರ ಅಡಿಗೂ ಎತ್ತರದ ಬೆಟ್ಟ. ಗುಡ್ಡ ಹತ್ತಲಾಗದ ಕಚೇರಿ, ಕೋರ್ಟುಗಳಲ್ಲಿ ಸೂರಿಗೆ ಪಂಕಾ ಕಟ್ಟಿದರು. ಹಗ್ಗ ಎಳೆಯುವವನು ಹೊರಗೆ ವರಾಂಡದಲ್ಲಿ, ಗಾಳಿ ಒಳಗಿನ ದೊರೆಗೆ. ದೇವರಾಯ ಬೀಸಣಿಗೆ ಕೊಟ್ಟದ್ದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಗು ಬರುವುದಿಲ್ಲ.

ಸಾಮಾನ್ಯ ಜನಕ್ಕೆ ಇದ್ದದ್ದು ಮಾಳಿಗೆ ಮನೆ. ಕಂಪ್ಲಿ ಕಡೆ, ಸಂಡೂರಿನ ಹಳೇ ಓಣಿಗಳಲ್ಲಿ ನೋಡಿದವರಿಗೆ ಗೊತ್ತು: ತೊಲೆ, ಜಂತಿ, ಅದರ ಮೇಲೆ ಗೇಣುಗಟ್ಟಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಮಧ್ಯಾಹ್ನದ ಕಾವು ಆ ಮಣ್ಣು ದಾಟಿ ಕೆಳಗಿಳಿಯುವಷ್ಟರಲ್ಲಿ ಸಂಜೆಯಾಗಿರುತ್ತೆ, ಅಷ್ಟೊತ್ತಿಗೆ ಜನ ಮಾಳಿಗೆ ಮೇಲೇ ಹಾಸಿಗೆ ಹಾಸಿರ್ತಾರೆ. ಕತ್ತಲು, ಚೇಳು, ಮಳೆಗಾಲದ ಸೋರಿಕೆ ಎಲ್ಲ ಇತ್ತು. ವರ್ಷಾ ವರ್ಷಾ ಸವಳು ಮಣ್ಣು ಹಾಕಿಸುವ ಖರ್ಚೂ ಇತ್ತು. ಹಾಗಾಗಿ ಜನ ಆರ್‌ಸಿಸಿ ಹಾಕಿಸಿಕೊಂಡರೆ ನಾನು ತಪ್ಪು ಅನ್ನೋದಿಲ್ಲ.

ತಪ್ಪು ಅನಿಸೋದು ಶಾಲೆಗಳ ವಿಷಯದಲ್ಲಿ. ನಾನು ಓದಿದ ಶಾಲೆಯ ಒಂದು ಕೋಣೆಗೆ ಶೀಟಿನ ಸೂರು, ಎರಡು ಸಣ್ಣ ಕಿಟಕಿ, ಅರವತ್ತು ಹುಡುಗರು. ಮಾರ್ಚ್‌ನಲ್ಲಿ ಮಧ್ಯಾಹ್ನದ ಗಣಿತ ಅಂದರೆ ಮೇಷ್ಟ್ರಿಗೂ ತೂಕಡಿಕೆ. ನಮ್ಮನ್ನು ಹೊಡೆದು ಎಬ್ಬಿಸುತ್ತಿದ್ದರೇ ಹೊರತು ಸೂರಿನ ಕಡೆ ಯಾರೂ ನೋಡಲಿಲ್ಲ. ಈಗಿನ ಕಾನ್ವೆಂಟು ಮಕ್ಕಳಿಗೆ ಅದರ ಮೇಲೆ ಟೈ, ಬೂಟು, ಕಾಲುಚೀಲ ಬೇರೆ. ಅಬ್ದುರ್ ರಜಾಕನಿಗಾದರೂ ಒಂದು ದಿನದ ಕಷ್ಟ.

ಸರ್ಕಾರಕ್ಕೆ ಈ ಸೆಖೆ ಗೊತ್ತಿಲ್ಲ ಅಂತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆವರೆಗೆ ನಡೆಸುವ ಆದೇಶ ಬರುತ್ತದೆ. ನಮ್ಮ ಬಳ್ಳಾರಿ, 2021ರಲ್ಲಿ ಹೊಸದಾಗಿ ಆದ ವಿಜಯನಗರ ಜಿಲ್ಲೆ ಎರಡೂ ಅದರಲ್ಲಿ ಸೇರುತ್ತವೆ. ಒಳ್ಳೆಯದೇ. ಗಡಿಯಾರ ಬದಲಾಗುತ್ತೆ, ಕೋಣೆ ಮಾತ್ರ ಹಾಗೇ ಇರುತ್ತೆ. ತಾರಸಿಗೆ ಸುಣ್ಣ ಬಳಿಯುವುದು, ಎದುರುಬದುರು ಕಿಟಕಿ ಇಡುವುದು, ಬಿಸಿಲು ಬೀಳುವ ಗೋಡೆಗೆ ಒಂದು ಪಡಸಾಲೆ ಕಟ್ಟುವುದು, ಒಂದು ಬೇವಿನ ಗಿಡ ನೆಡುವುದು. ಇದಕ್ಕೆ ಹೆರಾತ್‌ನಿಂದ ಯಾರೂ ಬಂದು ಹೇಳಬೇಕಿಲ್ಲ, ಆರು ಕಿಲೋಮೀಟರಿನೊಳಗೇ ಕಮಲ ಮಹಲ್ ಇರುವ ಊರುಗಳಲ್ಲೂ ಹೊಸ ಶಾಲೆಕೋಣೆ ಇವು ಯಾವುದೂ ಇಲ್ಲದೆ ಏಳುತ್ತಿದೆ.

ನಿಮ್ಮೂರಲ್ಲಿ ಬೇಸಿಗೆಗೆ ಶಾಲೆ ಎಷ್ಟು ಗಂಟೆಗೆ ಶುರುವಾಗ್ತಿತ್ತು? ಸೂರು ಯಾವುದು, ಹೆಂಚೋ ಶೀಟೋ ಮಾಳಿಗೆಯೋ? ಬಯಲುಸೀಮೆಯವರು ವಿಶೇಷವಾಗಿ ಬರೆಯಿರಿ. ಮಲೆನಾಡಿನವರು ದಯವಿಟ್ಟು ಹೊಟ್ಟೆ ಉರಿಸಬೇಡಿ :)