ಕಾರಕನೂ ಭಾವಕನೂ: ಪಿ. ಲಂಕೇಶರ ಚಿತ್ರಕೃತಿಗಳು

ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಾಚಕರಿಗೆ ವಿದಿತವೇ ಇದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನು ಕವಿರಾಜಮಾರ್ಗದಲ್ಲಿ ಕಾವ್ಯದ ಗುಣದೋಷಗಳನ್ನು ವಿವೇಚಿಸಿದನು; ಆ ವಿವೇಚನೆಯನ್ನೂ ಪದ್ಯದಲ್ಲಿಯೇ ರಚಿಸಿದನು. ಅನಂತರ ಬಂದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಕಾರಯಿತ್ರೀ, ಭಾವಯಿತ್ರೀ ಎಂದು ವಿಭಾಗಿಸಿ, ಕವಿತ್ವವೂ ಭಾವಕತ್ವವೂ ಒಂದೇಯೋ ಬೇರೆಯೋ ಎಂದು ವಿಚಾರಿಸಿರುವನು. ಕನ್ನಡ ಚಲಚ್ಚಿತ್ರದಲ್ಲಿ ಈ ಪುರಾತನ ಪ್ರಶ್ನೆಗೆ ನಿದರ್ಶನವಾಗಿ ನಿಂತವರು ಪಿ. ಲಂಕೇಶರು.

ಇವರು 1935ರಲ್ಲಿ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಜನಿಸಿ ಇಂಗ್ಲಿಷ್ ಅಧ್ಯಾಪಕರಾದರು. ಕಥೆ, ನಾಟಕ, ಕಾವ್ಯಗಳಲ್ಲಿ ಹೆಸರು ಪಡೆದು, 1970ರಲ್ಲಿ 'ಅಕ್ಷರ ಹೊಸ ಕಾವ್ಯ'ವೆಂಬ ನವ್ಯಕವಿತೆಗಳ ಸಂಕಲನವನ್ನು ಸಂಪಾದಿಸಿದರು. ಅದೇ ವರ್ಷದ 'ಸಂಸ್ಕಾರ' ಚಿತ್ರದಲ್ಲಿ ನಾರಣಪ್ಪನ ಪಾತ್ರವನ್ನು ವಹಿಸಿದರು.

1976ರಲ್ಲಿ ತಮ್ಮ 'ಬಿರುಕು' ಕಾದಂಬರಿಯ ಆಧಾರದ ಮೇಲೆ 'ಪಲ್ಲವಿ'ಯನ್ನು ನಿರ್ದೇಶಿಸಿದರು. ಸ್ವಂತ ಕೃತಿಯನ್ನು ಚಿತ್ರವಾಗಿಸುವವನು ಮೊದಲು ಅದರ ವಿಮರ್ಶಕನಾಗಬೇಕಾಗುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವು ಭಾವಕನದೇ ಸರಿ. ಆ ಚಿತ್ರಕ್ಕೆ ಸಂಗೀತವಿತ್ತವರು ಸರೋದ್ ವಾದಕರಾದ ರಾಜೀವ ತಾರಾನಾಥರು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದ ಪಂಡಿತ ತಾರಾನಾಥರ ಪುತ್ರರು. ಅವರೂ ಇಂಗ್ಲಿಷ್ ಪ್ರಾಧ್ಯಾಪಕರು, ವಿಮರ್ಶಕರು. ಪ್ರಥಮ ಚಿತ್ರಕ್ಕೇ ಲಂಕೇಶರಿಗೆ ಶ್ರೇಷ್ಠ ನಿರ್ದೇಶಕರೆಂಬ ರಾಷ್ಟ್ರಪ್ರಶಸ್ತಿಯು ಲಭಿಸಿತು.

ಬಳಿಕ 'ಅನುರೂಪ' (1977), 'ಖಂಡವಿದೆಕೋ ಮಾಂಸವಿದೆಕೋ' (1979), 'ಎಲ್ಲಿಂದಲೋ ಬಂದವರು' (1980) ಎಂಬ ಮೂರು ಚಿತ್ರಗಳು ಬಂದುವು. ನಿರ್ದೇಶಕನ ಲೆಕ್ಕವು ಅಲ್ಲಿಗೇ ಮುಗಿಯಿತು. 1980ರಲ್ಲಿಯೇ ಅಧ್ಯಾಪಕವೃತ್ತಿಯನ್ನು ತೊರೆದಿದ್ದ ಅವರು 'ಲಂಕೇಶ್ ಪತ್ರಿಕೆ'ಯನ್ನು ಆರಂಭಿಸಿದರು. ಜಾಹೀರಾತುಗಳನ್ನು ಸ್ವೀಕರಿಸದೆ ಓದುಗರ ಹಣದಿಂದಲೇ ನಡೆದ ಆ ವಾರಪತ್ರಿಕೆಯ 'ಟೀಕೆ ಟಿಪ್ಪಣಿ' ಅಂಕಣದಲ್ಲಿ ರಾಜಕಾರಣ, ಸಾಹಿತ್ಯ, ಸಮಾಜಗಳೆಲ್ಲವೂ ಅವರ ನಿರ್ದಾಕ್ಷಿಣ್ಯ ವಿಮರ್ಶೆಗೆ ಗುರಿಯಾದುವು.

ಇದು ಲಾಭವೋ ನಷ್ಟವೋ? ಚಿತ್ರಕ್ಕೆ ಬಂಡವಾಳವೂ ಪ್ರದರ್ಶನಮಂದಿರವೂ ಬೇಕು, ಅವೆರಡೂ ಪರಾಧೀನ. ಲೇಖನಿಗೆ ಓದುಗನಿದ್ದರೆ ಸಾಕು. ಸ್ವಾತಂತ್ರ್ಯವನ್ನೇ ಮುಖ್ಯವೆಂದೆಣಿಸಿದವನಿಗೆ ಎರಡನೆಯ ದಾರಿಯೇ ಸುಗಮ. ಆದರೂ ಪ್ರಥಮ ಯತ್ನದಲ್ಲಿಯೇ ಪುರಸ್ಕೃತವಾದ ಕೈಯು ನಾಲ್ಕೇ ಚಿತ್ರಗಳ ತರುವಾಯ ವಿರಮಿಸಿದುದು ಕನ್ನಡ ಚಿತ್ರಕಲೆಗೆ ಕೊರತೆಯೇ ಆಯಿತು.

1993ರಲ್ಲಿ 'ಕಲ್ಲು ಕರಗುವ ಸಮಯ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2000ದ ಜನವರಿ 25ರಂದು ಅವರು ನಿಧನ ಹೊಂದಿದರು. ಕಾರಕತ್ವವೂ ಭಾವಕತ್ವವೂ ಒಬ್ಬನಲ್ಲಿಯೇ ನೆಲಸಬಲ್ಲುವೆಂಬುದಕ್ಕೆ ಅವರ ಜೀವಿತವೇ ಪ್ರಮಾಣ. ಒಂದು ಬೆಳೆದಾಗ ಮತ್ತೊಂದು ಮೌನವಹಿಸಬೇಕಾದೀತೆಂಬುದಕ್ಕೂ ಅದೇ ಪ್ರಮಾಣ.